ನಲವತ್ತು ದಿನದ ಆಕಾಶ

ಮಗು ನೋಡಿಕೊಳ್ಳಲು ಮಗಳಿಗೆ ಅಮ್ಮ ಬೇಕಾಗಿತ್ತು. ಅಮ್ಮ ಪರದೇಶಕ್ಕೆ ಬಂದು ವರ್ಷವಿಡೀ ಉಳಿಯಬೇಕಾದರೆ ಏನಾದರೊಂದು ದಾರಿ ಬೇಕಾಗಿತ್ತು. ನೆಂಟರಾಗಿ ಬಂದವರನ್ನು ಆ ದೇಶ ಮೂರೇ ತಿಂಗಳಿಗೆ ಬಾಗಿಲ ತನಕ ಬಂದು ಕಳಿಸಿಬಿಡುತ್ತಿತ್ತು. ಓದಲು ಬಂದವರನ್ನು ಮಾತ್ರ ಓದು ಮುಗಿಯುವ ತನಕ ಇಟ್ಟುಕೊಳ್ಳುತ್ತಿತ್ತು. ಹಾಗಾಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಒಂದು ಭಾನುವಾರ, ಒಂದೂವರೆ ವರ್ಷದ ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಐವತ್ತಮೂರು ತುಂಬಿದ ತಾಯಿಯ ಹೆಸರಲ್ಲಿ ವಿಶ್ವವಿದ್ಯಾಲಯಕ್ಕೊಂದು ಅರ್ಜಿ ತುಂಬಿದಳು. ಬಂದರೆ ಹಣ್ಣು, ಹೋದರೆ ಕಲ್ಲು.

ಹಣ್ಣೇ ಬಿತ್ತು.

ಆ ತಾಯಿ ಯಾರೆಂದು ಹೇಳಿಬಿಡುತ್ತೇನೆ. ಆಕೆ ಮೂವತ್ತು ವರ್ಷ ಹವಾಮಾನ ಕಚೇರಿಯಲ್ಲಿ ಕೆಲಸ ಮಾಡಿ, ಇನ್ನು ಸಾಕೆಂದು ನಿವೃತ್ತಿ ತೆಗೆದುಕೊಂಡವಳು. ಬೆಳಿಗ್ಗೆ ಎಂಟೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ ಬಯಲಿಗೆ ಹೋಗಿ ಮಳೆಯ ನೀರು ಅಳೆಯುವುದು, ಗಾಳಿಯ ದಿಕ್ಕು ನೋಡುವುದು, ಆಮೇಲೆ ತಲೆಯೆತ್ತಿ ಇಡೀ ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲು ಮೋಡ ಮುಚ್ಚಿದೆ ಎಂದು ಪುಸ್ತಕದಲ್ಲಿ ಬರೆಯುವುದು. ಇದೇ ಅವಳ ಉದ್ಯೋಗ. ಕಚೇರಿಯವರು ಅವಳನ್ನು ‘ಎಂಟೂವರೆ ಮೇಡಂ’ ಎನ್ನುತ್ತಿದ್ದರು. ಬೀದಿಯವರ ಬಾಯಲ್ಲಿ ಅದು ‘ಎಂಟೂವರೆಯಮ್ಮ’ ಆಯಿತು. ಮಗಳನ್ನು ಹೆರಲು ಹೋದ ದಿನ, ಆಸ್ಪತ್ರೆಯ ಅಂಗಳದಲ್ಲಿ ಸ್ಟ್ರೆಚರಿನ ಮೇಲೆ ಮಲಗಿ ನೋವು ತಿನ್ನುತ್ತಿದ್ದವಳು ಮೇಲೆ ನೋಡಿ, “ಎಂಟರಲ್ಲಿ ಮೂರು,” ಎಂದಿದ್ದಳಂತೆ. ನರ್ಸು ಗಾಬರಿಯಾಗಿ, ಇದು ಮೂರನೆಯ ಹೆರಿಗೆಯೋ ಎಂಟನೆಯದೋ ಎಂದು ಗಂಡನನ್ನು ಕೇಳಿದಳಂತೆ. ಆ ಗಂಡ ತೀರಿಹೋಗಿ ಈಗ ಒಂಬತ್ತು ವರ್ಷ.

ಮಗಳು ಮಾಡಿದ ಒಂದೇ ತಪ್ಪೆಂದರೆ ಅರ್ಜಿಯಲ್ಲಿ ವಾಯುಮಂಡಲದ ವಿಷಯವನ್ನೇ ಆರಿಸಿದ್ದು. ಅಮ್ಮನ ಅನುಭವ ನೋಡಿ ಸೀಟು ಸಲೀಸಾಗಿ ಸಿಗಲಿ ಎಂಬ ಲೆಕ್ಕ ಅವಳದು. ವ್ಯಾಪಾರವೋ ವಾಣಿಜ್ಯವೋ ತುಂಬಿದ್ದರೆ ಎಂಟೂವರೆಯಮ್ಮ ತರಗತಿಯಲ್ಲಿ ತೂಕಡಿಸಿ, ಮನೆಗೆ ಬಂದು ಮಗು ಆಡಿಸಿಕೊಂಡು ಇರುತ್ತಿದ್ದಳು. ಈ ಕಥೆಯೇ ಹುಟ್ಟುತ್ತಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಅವಳ ಕಾಗದ ನೋಡಿದ, ಅವಳ ನರೆಗೂದಲು ನೋಡಿದ, ಮತ್ತೆ ಕಾಗದ ನೋಡಿದ.

“ಏಕೆ ಬಂದಿದ್ದೀರಿ?”

“ಓದಲು,” ಎಂದಳು ಎಂಟೂವರೆಯಮ್ಮ. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು, ಖುಷಿಯೂ ಆಯಿತು. ಅಧಿಕಾರಿ ಠಪ್ಪೆಂದು ಮುದ್ರೆ ಒತ್ತಿದ.

ಮನೆ ಐದನೆಯ ಮಹಡಿಯಲ್ಲಿ. ಎರಡು ಕೋಣೆ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಅಡುಗೆಮನೆ. ಅಳಿಯ ಲಿಫ್ಟ್ ರಿಪೇರಿಯವನು. ಅವನ ಕಟ್ಟಡದ ಲಿಫ್ಟೇ ಕೆಟ್ಟು ತಿಂಗಳಾಗಿತ್ತು. “ಇದು ಬೇರೆ ಕಂಪನಿದು ಅತ್ತೆ, ನಾನು ಮುಟ್ಟೋ ಹಾಗಿಲ್ಲ,” ಎನ್ನುತ್ತ ಅವಳ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಏರಿದ್ದ. ಪುಟ್ಟಿ ಮೊದಲ ದಿನ ಅಜ್ಜಿಯನ್ನು ನೋಡಿ ಕಿರುಚಿತು. ಎರಡನೆಯ ದಿನ ಮೂಗು ಹಿಡಿದು ಎಳೆಯಿತು. ಮೂರನೆಯ ದಿನದಿಂದ ಸೊಂಟ ಬಿಟ್ಟು ಇಳಿಯಲಿಲ್ಲ.

ಫ್ರಿಜ್ಜಿನ ಬಾಗಿಲ ಮೇಲೆ ಮಗಳು ವೇಳಾಪಟ್ಟಿ ಅಂಟಿಸಿದ್ದಳು. ಪುಟ್ಟಿಯ ಗಂಜಿ, ಪುಟ್ಟಿಯ ಸ್ನಾನ, ಪುಟ್ಟಿಯ ನಿದ್ದೆ, ಪುಟ್ಟಿಯ ಮೊಟ್ಟೆ. ಕೆಳಗೆ, ಜಾಗ ಉಳಿದಿದ್ದ ಕಡೆ, ಸಣ್ಣ ಅಕ್ಷರದಲ್ಲಿ ‘ಕಾಲೇಜು’.

“ವಾರಕ್ಕೆ ಮೂರೇ ದಿನ ಅಮ್ಮ, ಮಧ್ಯಾಹ್ನ ಮೂರಕ್ಕೆ. ಅಷ್ಟೊತ್ತಿಗೆ ಇವರು ಕೆಲಸದಿಂದ ಬಂದಿರ್ತಾರೆ. ಹೋಗಿ ಹಾಜರಿ ಹಾಕಿ ಬಂದ್ಬಿಡು. ಪಾಸಾಗೋಷ್ಟು ಬರೆದ್ರೆ ಸಾಕು.”

“ಪುಸ್ತಕ ಎಲ್ಲಿಡ್ಲಿ?”

ಮಗಳು ಸುತ್ತ ನೋಡಿದಳು. “ಸದ್ಯಕ್ಕೆ ಅಕ್ಕಿ ಡಬ್ಬದ ಮೇಲಿಟ್ಕೋ.”

ಮೊದಲ ಎರಡು ವಾರ ತರಗತಿಯಲ್ಲಿ ಎಂಟೂವರೆಯಮ್ಮನ ತಲೆಗೆ ಏನೂ ಹತ್ತಲಿಲ್ಲ. ಆ ಭಾಷೆಯನ್ನು ಅವಳು ಓದಬಲ್ಲಳು, ಬರೆಯಬಲ್ಲಳು. ಅವರ ಬಾಯಲ್ಲಿ ಮಾತ್ರ ಅದು ನಲ್ಲಿ ಬಿಟ್ಟ ಹಾಗೆ ಹರಿದುಹೋಗುತ್ತಿತ್ತು. ಸುತ್ತ ಕೂತವರೆಲ್ಲ ಇಪ್ಪತ್ತೆರಡು, ಇಪ್ಪತ್ತಮೂರರ ಮಕ್ಕಳು. ಪಾಠ ಹೇಳುವ ಮೇಷ್ಟ್ರಮ್ಮನಿಗೇ ಅವಳ ಮಗಳ ವಯಸ್ಸು. ಮೊದಲ ದಿನ ಎಲ್ಲರೂ ಅವಳನ್ನೇ ಮೇಷ್ಟ್ರಮ್ಮ ಎಂದುಕೊಂಡು ಎದ್ದು ದಾರಿ ಬಿಟ್ಟಿದ್ದರು. ಅವಳು ಹಿಂದಿನ ಬೆಂಚಿಗೆ ಹೋಗಿ ಕೂತು ಚೀಲ ತೊಡೆಯ ಮೇಲಿಟ್ಟುಕೊಂಡಾಗ ಒಬ್ಬರನ್ನೊಬ್ಬರು ನೋಡಿಕೊಂಡರು.

ಮೂರನೆಯ ವಾರ ಮೇಷ್ಟ್ರಮ್ಮ ದೀಪ ಆರಿಸಿ ಒಂದು ಚಿತ್ರ ತೋರಿಸಿದಳು. ಕಟ್ಟಡದ ತುದಿಯಲ್ಲಿ ಕ್ಯಾಮೆರಾ ಇಟ್ಟು ಇಡೀ ಹಗಲಿನ ಆಕಾಶವನ್ನು ಹಿಡಿದು, ಅದನ್ನು ಒಂದೇ ನಿಮಿಷಕ್ಕೆ ಇಳಿಸಿದ್ದರು. ಬೆಳಗಿನ ಎಳೆ ಮೋಡ ಹೆಪ್ಪುಗಟ್ಟಿತು, ಕುದಿಯಿತು, ಉಕ್ಕಿ ಗೋಪುರವಾಯಿತು, ಗೋಪುರದ ನೆತ್ತಿ ಚಪ್ಪಟೆಯಾಗಿ ಗಾಳಿಗೆ ಹರಡಿಕೊಂಡಿತು, ಸುರಿಯಿತು, ಹರಿದು ಚಿಂದಿಯಾಯಿತು, ಸಂಜೆಗೆ ಏನೂ ಆಗದವರ ಹಾಗೆ ಬರೀ ನೀಲಿ ಉಳಿಯಿತು. ಮಕ್ಕಳು ಟಿಪ್ಪಣಿ ಬರೆದುಕೊಂಡರು. ಎಂಟೂವರೆಯಮ್ಮ ಕತ್ತಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂವತ್ತು ವರ್ಷ ಅವಳು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಆಕಾಶ ನೋಡಿ, ನೋಡಿದ್ದೇನೆ ಎಂದುಕೊಂಡಿದ್ದಳು. ನಡುವೆ ಇಷ್ಟೆಲ್ಲ ನಡೆಯುತ್ತಿತ್ತು! ಆಗ ತಾನು ಕಡತ ಕಟ್ಟುತ್ತಿದ್ದೆ, ಬೇಳೆ ಆರಿಸುತ್ತಿದ್ದೆ, ಮಗಳ ಜಡೆ ಹೆಣೆಯುತ್ತಿದ್ದೆ. ಅಯ್ಯೋ, ಎಷ್ಟೊಂದು ತಪ್ಪಿಹೋಯಿತಲ್ಲ!

ಅಂದು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳು ಇಳಿಯುವುದನ್ನೇ ಮರೆತಳು. ಬೀದಿಗಳು ಹಿಂದೆ ಸರಿದವು, ಅಂಗಡಿಗಳ ದೀಪ ಒಂದೊಂದಾಗಿ ಹತ್ತಿಕೊಂಡವು, ಮೇಲೆ ಒಂದು ಮೋಡ ಬಸ್ಸಿನ ಜೊತೆಗೇ ಬರುತ್ತಿತ್ತು. ಕೊನೆಯ ನಿಲ್ದಾಣದಲ್ಲಿ ಚಾಲಕ ಎಬ್ಬಿಸಿದ. ಅವಳು ನಿದ್ದೆ ಮಾಡಿರಲಿಲ್ಲ. ಹಾಗೆಂದು ಎಚ್ಚರವಾಗಿಯೂ ಇರಲಿಲ್ಲ.

ಮನೆಯಲ್ಲಿ ಅಳಿಯ ಅಳುವ ಪುಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡು ಅನ್ನಕ್ಕೆ ನೀರಿಡುತ್ತಿದ್ದ. ಮಗಳು ಕೆಲಸದ ಬಟ್ಟೆಯಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು.

“ಎಲ್ಲಮ್ಮ ಹೋಗಿದ್ದೆ?”

“ಬಸ್ಸು ಮುಂದಕ್ಕೆ ಹೋಯ್ತು.”

“ಬಸ್ಸು ಮುಂದಕ್ಕೇ ಹೋಗೋದು. ಇಳಿಯೋರು ಇಳೀಬೇಕು.”

“ಇವತ್ತು ಒಂದು ಚಿತ್ರ ತೋರಿಸಿದ್ರು ಕಣೇ. ಒಂದಿಡೀ ದಿನದ ಮೋಡ...”

“ಅಮ್ಮ, ಈರುಳ್ಳಿ ಖಾರಕ್ಕೆ ಕಣ್ಣು ಬಿಡೋಕಾಗ್ತಿಲ್ಲ. ಆಮೇಲೆ ಹೇಳು.”

ಆಮೇಲೆ ಯಾರೂ ಕೇಳಲಿಲ್ಲ.

ಅಲ್ಲಿಂದಾಚೆಗೆ ಮನೆಯಲ್ಲಿ ಹಾಲು ಉಕ್ಕತೊಡಗಿತು. ಪಲ್ಯಕ್ಕೆ ಉಪ್ಪು ಎರಡು ಸಲ ಬಿತ್ತು, ಇಲ್ಲವೇ ಬೀಳಲೇ ಇಲ್ಲ. ಎಂಟೂವರೆಯಮ್ಮ ಬಟ್ಟೆ ಒಣಹಾಕಲು ಮಹಡಿಯ ಮೇಲಿನ ತಾರಸಿಗೆ ಹೋದರೆ ಒದ್ದೆ ಬಟ್ಟೆ ಬಕೆಟ್ಟಿನಲ್ಲೇ ಉಳಿದು, ಅವಳು ತಲೆಯೆತ್ತಿಕೊಂಡು ನಿಂತುಬಿಡುತ್ತಿದ್ದಳು. “ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಏಳು ವರ್ಷ ಮುಂಚೇನೇ ಬಂತಾ?” ಎಂದು ಮಗಳು ರೇಗಿದಳು. ಅಳಿಯ ನಡುವೆ ಬಂದ: “ಹೋಗ್ಲಿ ಬಿಡೇ, ಉಪ್ಪು ಕಮ್ಮಿಯಾದ್ರೆ ಹಾಕ್ಕೊಂಡ್ ತಿನ್ನೋದು.” ಮಗಳು ಅವನನ್ನೂ ಸೇರಿಸಿ ರೇಗಿದಳು. ಅವಳ ಕಷ್ಟವೂ ಕಡಿಮೆಯದಲ್ಲ. ನಾಲ್ಕು ವರ್ಷ ಕಾಲ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕನ್ನಡಕದ ಗಾಜು ಉಜ್ಜಿದ ಮೇಲೆ, ಕಳೆದ ತಿಂಗಳಷ್ಟೇ ಅಂಗಡಿಯ ಬೀಗದ ಕೈ ಅವಳ ಕೈಗೆ ಬಂದಿತ್ತು. ಒಂಬತ್ತಕ್ಕೆ ಬಾಗಿಲು ತೆಗೆಯುವವಳು ಅವಳೇ. ಎಂಟೂ ಹತ್ತಕ್ಕೆ ಮನೆ ಬಿಡದಿದ್ದರೆ ಬಸ್ಸು ತಪ್ಪುತ್ತಿತ್ತು. ಆ ಬೀಗದ ಕೈಯನ್ನು ಅವಳು ಕತ್ತಿನ ದಾರಕ್ಕೆ ಕಟ್ಟಿಕೊಂಡು ಊಟಕ್ಕೂ ತೆಗೆಯುತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಮೇಷ್ಟ್ರಮ್ಮ ಒಂದು ದೊಡ್ಡ ಕೆಲಸ ಕೊಟ್ಟಳು. ಪ್ರತಿಯೊಬ್ಬರೂ ಒಂದು ಜಾಗ, ಒಂದು ಹೊತ್ತು ಆರಿಸಿಕೊಂಡು, ನಲವತ್ತು ದಿನ ಬಿಡದೆ ಆಕಾಶ ನೋಡಿ ಬರೆಯಬೇಕು. ಒಂದು ದಿನ ತಪ್ಪಿದರೆ ಮೊದಲಿಂದ ಎಣಿಕೆ. ವರ್ಷದ ಅರ್ಧ ಅಂಕ ಇದಕ್ಕೇ. ಆಮೇಲೆ ಅದೇ ಹೊತ್ತಿನ ಉಪಗ್ರಹದ ಚಿತ್ರಗಳ ಜೊತೆ ಹೋಲಿಸಬೇಕಾದ್ದರಿಂದ ಒಮ್ಮೆ ಬರೆಸಿದ ಹೊತ್ತನ್ನು ಬದಲಾಯಿಸುವಂತಿಲ್ಲ.

ಮಕ್ಕಳು ಹನ್ನೊಂದು, ಹನ್ನೆರಡು ಎಂದು ಬರೆಸಿದರು. ಹಾಸಿಗೆ ಬಿಟ್ಟು ಏಳುವ ಹೊತ್ತು ಅದು. ಎಂಟೂವರೆಯಮ್ಮನ ಸರದಿ ಬಂದಾಗ ಬಾಯಿ ತಾನಾಗಿ ತೆರೆಯಿತು: “ಎಂಟೂವರೆ.”

ಮೂವತ್ತು ವರ್ಷದ ಅಭ್ಯಾಸ ಆಡಿಸಿದ ಮಾತು ಅದು. ಮಗಳು ಅಂಗಡಿಗೆ ಓಡಿರುವ, ಪುಟ್ಟಿ ಗಂಜಿ ಉಗುಳುವ, ಅಳಿಯ ಆಗಲೇ ಹೊರಟುಹೋಗಿರುವ ಹೊತ್ತು ಅದೇ ಎಂದು ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಆದರೂ ಸಾಗಿತು. ದಿನಾ ಎಂಟೂ ಇಪ್ಪತ್ತಕ್ಕೆ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಪುಸ್ತಕವನ್ನು ಬಗಲಿಗಿಟ್ಟುಕೊಂಡು ತಾರಸಿಗೆ ಹತ್ತುತ್ತಿದ್ದಳು. ಹಗ್ಗಕ್ಕೆ ನೇತುಬಿದ್ದ ಹಾಸಿಗೆ ಹೊದಿಕೆಗಳ ನಡುವೆ ನಿಂತು, ನಿಧಾನವಾಗಿ ಒಂದು ಸುತ್ತು ತಿರುಗುತ್ತಿದ್ದಳು. ಅಜ್ಜಿ ತಿರುಗಿದ ಹಾಗೆ ಮೊಮ್ಮಗಳೂ ತಲೆಯೆತ್ತಿ ತಿರುಗುತ್ತಿತ್ತು. “ಎಂಟರಲ್ಲಿ ಐದು. ಹೌದೋ ಅಲ್ವೋ ಪುಟ್ಟಿ?” ಪುಟ್ಟಿ “ಮೋ” ಎನ್ನುತ್ತಿತ್ತು. ಎರಡನೆಯ ವಾರಕ್ಕೆ ಅದು ಮೋಡ ಕಂಡಾಗ ಮಾತ್ರ “ಮೋ” ಎನ್ನತೊಡಗಿತು. ಆ ಹತ್ತು ನಿಮಿಷ ಕೆಳಗಿನ ಬೀದಿಯ ಸದ್ದು ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ಯಾವ ಊರು, ಯಾವ ದೇಶ ಎಂಬುದು ಅವಳಿಗೆ ಮರೆತೇ ಹೋಗುತ್ತಿತ್ತು. ನೆಲ ಬೇರೆಯಾದರೇನು, ಮೇಲಿನದು ಪರಿಚಯದ್ದೇ.

ಹೀಗೆ ಮೂವತ್ತು ದಿನ.

ಮೂವತ್ತೊಂದನೆಯ ದಿನ ಪುಟ್ಟಿ ಕಾದ ಬಾಣಲೆಯಾಗಿ ಎದ್ದಿತು. ಮಗಳು ಸರಕು ಎಣಿಸುವ ದಿನವೆಂದು ಏಳಕ್ಕೇ ಹೋಗಿದ್ದಳು. ಅಳಿಯನಿಗೆ ಆ ವಾರ ರಾತ್ರಿ ಪಾಳಿ, ಮನೆಯಲ್ಲಿದ್ದ. ಎಂಟರ ಹೊತ್ತಿಗೆ ಮಗು ಕುಡಿದ ಹಾಲನ್ನೆಲ್ಲ ಕಕ್ಕಿ, ಕಣ್ಣು ತೇಲಿಸಿತು. ಎಂಟೂವರೆಯಮ್ಮ ಶಾಲಿನಲ್ಲಿ ಸುತ್ತಿ ಎತ್ತಿಕೊಂಡಳು. “ನಾನೂ ಬಂದೆ ಅತ್ತೆ” ಎಂದು ಅಳಿಯ ಬೂಟು ಹಾಕುವಷ್ಟರಲ್ಲಿ ಫೋನು ಬಂತು: ಯಾವುದೋ ಲಿಫ್ಟಿನಲ್ಲಿ ನಾಲ್ಕು ಜನ ಸಿಕ್ಕಿಹಾಕಿಕೊಂಡಿದ್ದಾರೆ.

“ನೀವು ಅಲ್ಲಿಗೆ ಹೋಗಿ. ದವಾಖಾನೆ ಪಕ್ಕದ ಬೀದೀಲೇ ಇದೆ, ನಾನು ನೋಡ್ಕೋತೀನಿ,” ಎಂದು ಅವಳು ಐದು ಮಹಡಿ ಇಳಿದಳು.

ದವಾಖಾನೆಯ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆ ಗಡಿಯಾರದಲ್ಲಿ ಎಂಟೂವರೆ ಆಯಿತು, ಎಂಟೂ ಮೂವತ್ತೈದಾಯಿತು. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು, ಅಷ್ಟೇ. ಮಗುವಿನ ಅಂಗಾಲು ತಿಕ್ಕುತ್ತ ಕೂತಳು. ಎದೆಯಲ್ಲಿ ಕಫ ಕಟ್ಟಿದೆ ಎಂದರು ಡಾಕ್ಟರು. ಔಷಧಿ ಕೊಟ್ಟರು. ಎರಡು ತಿಂಗಳು ಬೆಳಗಿನ ಚಳಿಗಾಳಿಗೆ ಒಡ್ಡಲೇಬೇಡಿ ಎಂದರು.

ಸಂಜೆಗೆ ಜ್ವರ ಇಳಿಯಿತು. ಪುಟ್ಟಿ ಮೆತ್ತಗಿನ ಅನ್ನ ಎರಡು ತುತ್ತು ತಿಂದು ಮಲಗಿತು. ದೊಡ್ಡವರು ಮೂವರೂ ತಟ್ಟೆ ಹಾಕಿಕೊಂಡು ಕೂತರು. ಎಂಟೂವರೆಯಮ್ಮ ಸುಮ್ಮನೆ ಅನ್ನ ಕಲಸುತ್ತಿದ್ದಳು. ಅಳಿಯ ಮಾತ್ರ ಮುಸಿಮುಸಿ ನಗುತ್ತಿದ್ದ.

“ಅತ್ತೆ, ಮುಖ ಯಾಕೆ ಸಣ್ಣ ಮಾಡ್ಕೊಂಡಿದೀರಾ ಅಂತ ಗೊತ್ತು ನಂಗೆ. ನಿಮ್ಮ ಪುಸ್ತಕ ತೆಗೆದು ನೋಡಿ.”

ಅವಳು ಎದ್ದು ಅಕ್ಕಿ ಡಬ್ಬದ ಮೇಲಿಂದ ಪುಸ್ತಕ ತೆಗೆದಳು. ಮೂವತ್ತೊಂದನೆಯ ಸಾಲು ತುಂಬಿತ್ತು. ಎಂಟೂವರೆ. ಎಂಟರಲ್ಲಿ ಆರು. ಅವಳ ಅಕ್ಷರದ ಹಾಗೇ, ಆರಕ್ಕೆ ಅವಳು ಕೊಡುವ ಬಾಲವನ್ನೂ ಕೊಟ್ಟು ಬರೆದಿತ್ತು.

“ಹೊರಡೋ ಗಡಿಬಿಡೀಲೂ ಬರೆದಿಟ್ಟು ಹೋದೆ,” ಎಂದ ಅಳಿಯ. “ಮೂವತ್ತು ದಿನದ ಶ್ರಮ ನೀರಲ್ಲಿ ಹೋಮ ಆಗ್ಬಾರ್ದಲ್ಲ.”

“ತಾರಸಿಗೆ ಹೋಗಿ ನೋಡಿದ್ರಾ?”

“ಎಲ್ಲಿ ಪುರಸೊತ್ತು ಅತ್ತೆ? ಫೋನಲ್ಲಿ ಹವಾಮಾನ ಬರುತ್ತಲ್ಲ, ಅದನ್ನ ನೋಡಿ ಹಾಕ್ದೆ.”

ಎಂಟೂವರೆಯಮ್ಮ ಕೂತುಬಿಟ್ಟಳು. ಆಕೆಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಈ ಹುಡುಗ ತನಗಾಗಿ ಇಷ್ಟು ಮಾಡಿದನಲ್ಲ ಎಂದುಕೊಂಡಳು. ಅವಳು ಪುಟ್ಟಿಯ ಬಣ್ಣದ ಡಬ್ಬಿಯಿಂದ ಅಳತೆಪಟ್ಟಿ ಹುಡುಕಿ, ಪೆನ್ನು ತೆಗೆದು, ಆ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: ‘ನೋಡಿಲ್ಲ.’

“ಅಮ್ಮ!” ಮಗಳು ಎಂಜಲು ಕೈಯಲ್ಲೇ ಎದ್ದಳು. “ಹುಚ್ಚು ಹಿಡೀತಾ ನಿಂಗೆ? ಒಂದು ದಿನ ತಪ್ಪಿದ್ರೆ ಮೊದಲಿಂದ ಅಂದಿದ್ದೆ ಅಲ್ವಾ?”

“ಹೌದು.”

“ಯಾರಿಗಮ್ಮ ಗೊತ್ತಾಗುತ್ತೆ? ಎಂಟರಲ್ಲಿ ಆರೋ ಏಳೋ, ಆ ಮೋಡ ಬಂದು ಸಾಕ್ಷಿ ಹೇಳುತ್ತಾ?”

“ಹೇಳಲ್ಲ. ಅದಕ್ಕೇ ನೋಡ್ದೆ ಬರೀಬಾರ್ದು.” ಅವಳು ಅಳಿಯನ ಕಡೆ ತಿರುಗಿದಳು. “ನಿಮ್ಮನ್ನೇ ಕೇಳ್ತೀನಿ. ಲಿಫ್ಟಿನ ತಂತಿಹಗ್ಗ ಮುಟ್ಟಿ ನೋಡ್ದೆ, ಸರಿಯಾಗಿದೆ ಅಂತ ಸಹಿ ಹಾಕ್ತೀರಾ?”

ಅಳಿಯನ ನಗು ಇಳಿಯಿತು. ಅವನು ತಟ್ಟೆ ನೋಡಿಕೊಂಡು, “ಇಲ್ಲ ಅತ್ತೆ,” ಎಂದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ತಪ್ಪಾಯ್ತು,” ಎಂದ.

“ನಿಮ್ಮ ತಪ್ಪೇನಿಲ್ಲ. ಪ್ರೀತಿಗೆ ಮಾಡಿದ್ರಿ. ಇನ್ನೊಂಚೂರು ಅನ್ನ ಹಾಕ್ಕೊಳ್ಳಿ.”

ಮರುದಿನ ಎಂಟೂವರೆಯಮ್ಮ ಪುಸ್ತಕವನ್ನು ಮೇಷ್ಟ್ರಮ್ಮನ ಮುಂದಿಟ್ಟು ನಡೆದದ್ದು ಹೇಳಿದಳು. ಮೇಷ್ಟ್ರಮ್ಮ ಆ ಗೆರೆ ಎಳೆದ ಸಾಲನ್ನು ಬಹಳ ಹೊತ್ತು ನೋಡಿದಳು. “ನೀವು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ,” ಎಂದಳು. ಆದರೆ ನಿಯಮ ನಿಯಮವೇ. ಒಬ್ಬರಿಗೆ ಸಡಿಲಿಸಿದರೆ ಇಪ್ಪತ್ತು ಜನ ಬಂದು ನಿಲ್ಲುತ್ತಾರೆ. ಪುಸ್ತಕ ಒಪ್ಪಿಸುವ ಕೊನೆಯ ದಿನಕ್ಕೆ ನಲವತ್ತನಾಲ್ಕು ದಿನ ಉಳಿದಿದ್ದವು. ಹೊಸ ಎಣಿಕೆಯನ್ನು ಸೋಮವಾರವೇ ಶುರು ಮಾಡಬೇಕೆಂಬುದೂ ನಿಯಮ; ಹಾಗೆ ಮಾಡಿದರೆ ಸರಿಯಾಗಿ ನಲವತ್ತು ಸಿಗುತ್ತಿತ್ತು, ಒಂದೂ ಹೆಚ್ಚಿಲ್ಲ. ಅದೂ ತಪ್ಪಿದರೆ ಈ ವರ್ಷ ಹೋಯಿತು, ಸೀಟೂ ಹೋಯಿತು. ಸೀಟು ಹೋದ ಮೇಲೆ ಈ ದೇಶದಲ್ಲಿ ಉಳಿಯುವಂತಿಲ್ಲ.

ಶುಕ್ರವಾರ ಸಂಜೆ ಎಂಟೂವರೆಯಮ್ಮ ಪುಟ್ಟಿಗೆ ಮೊಟ್ಟೆ ತಿನ್ನಿಸುತ್ತ ಇದನ್ನು ಮಗಳಿಗೆ ಹೇಳಿದಳು. “ಮಗೂನ ಬೆಳಿಗ್ಗೆ ಹೊರಗೆ ಕರ್ಕೊಂಡು ಹೋಗೋ ಹಾಗಿಲ್ಲ. ಅಳಿಯಂದಿರಿಗೆ ಸೋಮವಾರದಿಂದ ಮತ್ತೆ ಏಳು ಗಂಟೆ ಪಾಳಿ. ನೀನು ಎಂಟೂಮುಕ್ಕಾಲು ತನಕ ಮನೇಲಿದ್ರೆ...”

“ನಾನಾ? ಅಂಗಡಿ ಬಾಗಿಲು ನಿಮ್ಮಪ್ಪ ಬಂದು ತೆಗೀತಾರಾ?”

“ನಮ್ಮಪ್ಪನ್ನ ಯಾಕೆ ಎಳೀತೀಯ ಪಾಪ, ಅವರ ಪಾಡಿಗೆ ಅವರಿದಾರೆ.”

“ತಮಾಷೆ ಮಾಡ್ಬೇಡಮ್ಮ. ಕಿಟಕೀಲಿ ನೋಡಿ ಬರಿ.”

“ಕಿಟಕೀಲಿ ಕಾಣೋದು ಕಾಲು ಆಕಾಶ. ಉಳಿದ ಮುಕ್ಕಾಲು?”

“ಅಷ್ಟಕ್ಕೂ ಉಪಗ್ರಹ ನೋಡ್ತಾನೇ ಇರುತ್ತಲ್ಲ. ನೀನ್ಯಾಕೆ ನೋಡ್ಬೇಕು?”

“ಅದು ಮೇಲಿಂದ ನೋಡುತ್ತೆ. ಕೆಳಗಿಂದ ನೋಡೋರೂ ಒಬ್ರು ಬೇಡ್ವಾ?”

“ಎಲ್ಲರ ಹಾಗೆ ಮಧ್ಯಾಹ್ನ ಹನ್ನೆರಡು ಗಂಟೆ ಅಂತ ಬರೆಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಮಗಳ ದನಿ ಏರಿತು. ಪುಟ್ಟಿ ಬಾಯಲ್ಲಿ ಮೊಟ್ಟೆ ಇಟ್ಟುಕೊಂಡೇ ಇಬ್ಬರನ್ನೂ ನೋಡತೊಡಗಿತು. “ನಾಲ್ಕು ವರ್ಷಕ್ಕೆ ಬಂದ ಬೀಗದ ಕೈ ಇದು. ಇದನ್ನ ವಾಪಸ್ ಕೊಟ್ಟು ಮತ್ತೆ ಹಿಂದಿನ ಕೋಣೇಲಿ ಗಾಜು ಉಜ್ಜಲಾ? ಅಮ್ಮ, ನಿನ್ನ ಇಲ್ಲಿಗೆ ಯಾಕೆ ಕರೆಸಿದ್ದು ಅಂತ ಗೊತ್ತಾ ನಿಂಗೆ?”

ಮಾತು ಬಾಯಿಂದ ಬಿದ್ದ ಮೇಲೆ ಮಗಳು ತುಟಿ ಕಚ್ಚಿಕೊಂಡಳು. ಅಳಿಯ ಎದ್ದು ಸುಮ್ಮನೆ ನಲ್ಲಿ ತಿರುಗಿಸಿ ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದ.

“ಗೊತ್ತು,” ಎಂದಳು ಎಂಟೂವರೆಯಮ್ಮ.

“ಏನ್ ಗೊತ್ತು?”

“ಪುಟ್ಟೀನ ನೋಡ್ಕೊಳ್ಳೋಕೆ. ನೀನು ಅರ್ಜಿ ತುಂಬಿದ ದಿನಾನೇ ಗೊತ್ತಿತ್ತು. ಹುಟ್ಟಿದಾಗಿಂದ ಒಂದು ಸಲಾನಾದ್ರೂ ನನ್ನ ಕೆಲಸ ಏನು ಅಂತ ಕೇಳಿದೋಳಾ ನೀನು? ಇದ್ದಕ್ಕಿದ್ದ ಹಾಗೆ ಫೋನ್ ಮಾಡಿ, ಅಮ್ಮ ನಿಂಗೆ ಮೋಡ ಅಂದ್ರೆ ಪ್ರಾಣ ಅಲ್ವಾ ಅಂದ್ರೆ, ನಂಗೆ ಗೊತ್ತಾಗಲ್ವಾ?”

“ಗೊತ್ತಿದ್ದೂ ಬಂದ್ಯಾ?”

“ಬಂದೆ. ಮೊಮ್ಮಗಳ ಮುಖ ನೋಡೋ ಆಸೆಗೆ ಬಂದೆ. ಬಂದ ಮೇಲೆ ಓದೋ ಆಸೆ ಬಂತು. ನಾನೇನ್ ಮಾಡ್ಲಿ? ಮೂವತ್ತು ವರ್ಷ ಹೊಸ್ತಿಲಲ್ಲಿ ನಿಂತಿದ್ದೋಳನ್ನ ನೀನೇ ಒಳಗೆ ಕರ್ಕೊಂಡು ಬಂದೆ ಕಣೇ. ಈಗ ಹೊರಗೆ ನಡಿ ಅಂದ್ರೆ ಕಾಲು ಬರಲ್ಲ.”

“ಹಾಗಾದ್ರೆ ನನ್ ಕೆಲಸ?”

“ನಿನ್ ಕೆಲಸ ಬಿಡು ಅಂತ ನಾನ್ಯಾಕೆ ಅನ್ಲಿ? ಅದು ನೀನು ಯೋಚ್ನೆ ಮಾಡು. ಓದಿದ್ರೆ ಇರ್ತೀನಿ. ಓದು ಹೋದ್ರೆ ನಾನೂ ಹೋಗ್ತೀನಿ. ಇದು ನಾನು ಹೇಳ್ತಿರೋದಲ್ಲ, ನೀನು ತುಂಬಿದ ಅರ್ಜಿ ಹೇಳ್ತಿರೋದು.”

ಶನಿವಾರ, ಭಾನುವಾರ ಮನೆಯಲ್ಲಿ ಬೇಕಾದಷ್ಟೇ ಮಾತು. ಉಪ್ಪು ಕೊಡು, ಬಾಗಿಲು ಹಾಕು, ಔಷಧಿ ಆಯ್ತಾ. ಎಂಟೂವರೆಯಮ್ಮ ಎಲ್ಲರ ಬಟ್ಟೆ ಮಡಿಸಿದಳು. ತನ್ನ ಸೀರೆಗಳನ್ನು ಮಡಿಸಿ ಕಪಾಟಿಗಿಡದೆ, ಮಂಚದ ಕೆಳಗಿನ ಪೆಟ್ಟಿಗೆಯ ಮೇಲಿಟ್ಟಳು. ಮಗಳು ಅದನ್ನು ನೋಡಿದಳು. ಭಾನುವಾರ ಸಂಜೆ ಫೋನು ಹಿಡಿದು ಮೆಟ್ಟಿಲ ಕಡೆ ಹೋದವಳು ಅರ್ಧ ಗಂಟೆ ಬಿಟ್ಟು ಬಂದಳು. ಕಣ್ಣು ಕೆಂಪಾಗಿತ್ತು. ಅಳಿಯ “ಏನಾಯ್ತು” ಎಂದರೆ “ಏನಿಲ್ಲ ರೀ” ಎಂದು ಸ್ನಾನದ ಮನೆಗೆ ಹೋದಳು.

ಸೋಮವಾರ ಎಂಟೂವರೆಯಮ್ಮ ಎಂದಿನ ಹಾಗೆ ಎದ್ದಳು. ಗಂಜಿ ಕಾಯಿಸಿದಳು. ಅಳಿಯ ಏಳಕ್ಕೆ ಮುಂಚೆ ಹೊರಟುಹೋದ. ಮನೆಯೊಳಗೆ ಒಂಥರಾ ಬಿಳಿ ಬೆಳಕು ತುಂಬಿತ್ತು, ಗೋಡೆಗಳೇ ದೂರ ಸರಿದ ಹಾಗೆ ಅನ್ನಿಸುತ್ತಿತ್ತು. ಅವಳು ಗಡಿಯಾರವನ್ನೇ ನೋಡುತ್ತಿದ್ದಳು. ಎಂಟಾಯಿತು. ಎಂಟೂ ಹತ್ತಾಯಿತು. ಮಗಳು ಕೆಲಸದ ಬಟ್ಟೆ ತೊಟ್ಟು ಪುಟ್ಟಿಯ ಎದುರು ಕೂತು, ಬಟ್ಟಲಿನಿಂದ ಗಂಜಿ ಎತ್ತಿ ಎತ್ತಿ ತಿನ್ನಿಸುತ್ತಿದ್ದಳು. ಎಂಟೂ ಹದಿನೈದಾಯಿತು.

“ನಿಂಗೆ ಹೊತ್ತಾಗ್ಲಿಲ್ವೇನೇ?” ಎಂದಳು ಎಂಟೂವರೆಯಮ್ಮ.

“ಹೊತ್ತಾಗಿರೋದು ನಂಗಲ್ಲ, ನಿಂಗೆ.” ಮಗಳು ಚಮಚದಿಂದ ಕಣ್ಣು ತೆಗೆಯಲಿಲ್ಲ. “ಐದು ನಿಮಿಷ ಮುಂಚೆ ಹತ್ತು. ಮೆಟ್ಟಿಲಲ್ಲಿ ಏದುಸಿರು ಬಿಟ್ಕೊಂಡು ನೋಡಿದ್ರೆ ತಪ್ಪು ಲೆಕ್ಕ ಬರ್ದೀಯ.”

ಆಗ ಎಂಟೂವರೆಯಮ್ಮ ಮಗಳ ಕತ್ತು ನೋಡಿದಳು. ದಾರ ಇರಲಿಲ್ಲ.

“ಬೀಗದ ಕೈ?”

“ನಿನ್ನೆ ಅಂಗಡಿ ಯಜಮಾನ್ರಿಗೆ ಫೋನ್ ಮಾಡಿ, ವಾಪಸ್ ಕೊಡ್ತೀನಿ ಅಂತ ಹೇಳ್ದೆ. ನನ್ನ ಜೊತೆ ಕೆಲಸ ಮಾಡೋಳು ನೀನು ಏಳೋಕೆ ಮುಂಚೇನೇ ಬಸ್ ನಿಲ್ದಾಣದ ಹತ್ರ ಬಂದು ಇಸ್ಕೊಂಡು ಹೋದ್ಲು.”

“ಮತ್ತೆ ಕೊಡ್ತಾರೇನೇ?”

“ಗೊತ್ತಿಲ್ಲ. ಕೇಳ್ಬೇಡ ಈಗ, ಅಳು ಬರುತ್ತೆ. ಹೋಗು.”

ಎಂಟೂವರೆಯಮ್ಮನಿಗೆ ಮಗಳ ತಲೆ ಸವರಬೇಕೆನ್ನಿಸಿತು. ಕೈಗೆ ಗಂಜಿ ಮೆತ್ತಿತ್ತು. ಒರೆಸಿಕೊಂಡು, ಸವರಿ, ಪುಸ್ತಕ ಎತ್ತಿಕೊಂಡು ಹೊರಟಳು. ಸೊಂಟ ಖಾಲಿಯಿದ್ದದ್ದು ವಿಚಿತ್ರವೆನ್ನಿಸಿತು.

ತಾರಸಿಯ ಬಾಗಿಲು ತೆಗೆದರೆ ತಾರಸಿಯೇ ಇಲ್ಲ. ಎಲ್ಲ ಮಂಜು. ಬಟ್ಟೆಯ ಹಗ್ಗ ಎರಡು ಮಾರು ಹೋಗಿ ಕಾಣೆಯಾಗಿತ್ತು. ಎದುರಿನ ಕಟ್ಟಡ, ಬೀದಿ, ಸೂರ್ಯ, ಯಾವುದೂ ಇರಲಿಲ್ಲ. ಅವಳು ತಡವರಿಸುತ್ತ ನಡುವಿನ ತನಕ ನಡೆದಳು. ಎಂಟೂವರೆಯ ತನಕ ನಿಂತಳು. ನಿಯಮದ ಪ್ರಕಾರ ಒಂದು ಸುತ್ತು ತಿರುಗಿದಳು. ಮುಖದ ಮೇಲೆ ಸಣ್ಣಗೆ ನೀರು ಕೂತಿತು. ಅದು ಮಂಜೋ ಅಳುವೋ ಅವಳಿಗೇ ಬೇರ್ಪಡಿಸಲಾಗಲಿಲ್ಲ. ಒಂದು ಅಂಕಿ ಬರೆದು ಕೆಳಗಿಳಿದಳು.

ಮಗಳು ಬಾಗಿಲಲ್ಲೇ ಪುಟ್ಟಿಯನ್ನು ಎತ್ತಿಕೊಂಡು ಕಾಯುತ್ತಿದ್ದಳು.

“ಎಷ್ಟಿತ್ತು?”

ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಇದನ್ನು ಕೇಳಿದ್ದು ಮೊದಲ ಸಲ.

“ಒಂಬತ್ತು.”

“ಎಂಟರಲ್ಲಿ ಒಂಬತ್ತಾ? ಅದ್ಹೇಗಮ್ಮ?”

“ಆಕಾಶಾನೇ ಕಾಣ್ದಿದ್ರೆ ಒಂಬತ್ತು ಅಂತ ಬರೀತಾರೆ. ಮೇಲೆಲ್ಲ ಮಂಜು.”

ಮಗಳು ಬಾಯಿ ತೆರೆದುಕೊಂಡು ನಿಂತಳು. “ಏನೂ ಕಾಣ್ಲಿಲ್ವಾ? ಏನೂ ಕಾಣ್ದೇ ಇರೋದನ್ನ ನೋಡೋಕೆ ನಾನು ಬೀಗದ ಕೈ ಕೊಟ್ಟು ಕೂತಿದೀನಾ?”

“ಹೂಂ ಕಣೇ.”

ಮಗಳಿಗೆ ನಗು ಬಂತು. ತಡೆಯಲು ಹೋಗಿ ಇನ್ನೂ ಜೋರಾಯಿತು. ಗೋಡೆಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳು ನಕ್ಕದ್ದಕ್ಕೆ ಪುಟ್ಟಿಯೂ ನಕ್ಕಿತು. ಆಮೇಲೆ ಮಗುವನ್ನು ಅಮ್ಮನ ಕೈಗೆ ದಾಟಿಸಿ, ಚೀಲ ಹೆಗಲಿಗೇರಿಸಿಕೊಂಡು, ಮೆಟ್ಟಿಲು ಇಳಿಯತೊಡಗಿದಳು. ಒಂದು ಮಹಡಿ ಇಳಿದ ಮೇಲೆ ಅವಳ ದನಿ ಕೇಳಿತು.

“ನಾಳೆ ಕಾಣುತ್ತಾ?”

“ಗೊತ್ತಿಲ್ಲ. ನೋಡಿದ ಮೇಲೇ ಹೇಳ್ಬೇಕು.”

“ಸರಿ ಹಾಗಾದ್ರೆ,” ಎಂದಿತು ಕೆಳಗಿನ ದನಿ. “ನಾಳೇನೂ ಮಗೂನ ಹಿಡ್ಕೋತೀನಿ. ನೋಡ್ಕೊಂಡು ಬಂದು ಹೇಳು.”